ಭಾವಸ್ಮರಣೆ ಮತ್ತು ನಾದಸ್ಮರಣೆ: ಬಿ.ವಿ. ಕಾರಂತರ ಬದುಕಿನಲ್ಲಿ ರಷ್ಯನ್ ನಟನಾ ಪರಂಪರೆ

ಆಧುನಿಕ ಕನ್ನಡ ರಂಗಭೂಮಿಯ ಚರಿತ್ರೆಯನ್ನು ಬರೆದವರು ಬಿ.ವಿ. ಕಾರಂತರನ್ನು ಸಾಮಾನ್ಯವಾಗಿ ಎರಡು ನೆಲೆಗಳಲ್ಲಿ ಗುರುತಿಸಿದ್ದಾರೆ. ಒಂದು, ಯಕ್ಷಗಾನ ಮತ್ತು ಕಂಪನಿ ನಾಟಕಗಳ ಸತ್ವವನ್ನು ಹೀರಿ ದೇಸಿ ರಂಗಭೂಮಿಯನ್ನು ಕಟ್ಟಿದವರೆಂಬ ನೆಲೆ. ಇನ್ನೊಂದು, ದೆಹಲಿಯ ರಾಷ್ಟ್ರೀಯ ನಾಟಕಶಾಲೆಯಲ್ಲಿ ಶಾಸ್ತ್ರೀಯ ಶಿಕ್ಷಣ ಪಡೆದು ಹವ್ಯಾಸಿ ರಂಗಭೂಮಿಗೆ ಶಿಸ್ತನ್ನು ತಂದವರೆಂಬ ನೆಲೆ. ಈ ಎರಡೂ ನಿರೂಪಣೆಗಳು ಸುಳ್ಳಲ್ಲ. ಆದರೆ ಇವೆರಡರ ನಡುವೆ ಒಂದು ಪ್ರಶ್ನೆ ಕೇಳದೆಯೇ ಉಳಿದುಬಿಟ್ಟಿದೆ. ಇಪ್ಪತ್ತನೆಯ ಶತಮಾನದಲ್ಲಿ ಪ್ರಪಂಚದ ಬಹುಪಾಲು ನಟನಾ ಶಿಕ್ಷಣವನ್ನು ರೂಪಿಸಿದ್ದು ಮಾಸ್ಕೋದಲ್ಲಿ ಹುಟ್ಟಿದ ಒಂದು ಪದ್ಧತಿ. ಆ ಪದ್ಧತಿ ಕಾರಂತರ ಕೈಗೆ ಬಂದಾಗ ಅವರು ಅದನ್ನು ಏನು ಮಾಡಿದರು? ಮೈಸೂರಿನ ರಂಗಾಯಣದಲ್ಲಿ ಅವರು ಕಟ್ಟಿದ ನಟವರ್ಗದ ಸ್ವರೂಪವನ್ನು ಅರಿಯಬೇಕಾದರೆ ಈ ಪ್ರಶ್ನೆಯನ್ನು ಎದುರಿಸಲೇಬೇಕು. ಪ್ರಸ್ತುತ ಲೇಖನವು ಕಾರಂತರ ಬದುಕನ್ನು ಆ ಒಂದು ಎಳೆಯನ್ನು ಹಿಡಿದು ನೋಡುತ್ತದೆ.

ಬಾಬುಕೋಡಿ ವೆಂಕಟರಮಣ ಕಾರಂತರು ಹುಟ್ಟಿದ್ದು 1929ರ ಸೆಪ್ಟೆಂಬರ್ 19ರಂದು, ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ಸಮೀಪದ ಮಂಚಿ ಗ್ರಾಮದಲ್ಲಿ. ಮಳೆಗಾಲ ಮುಗಿದ ಮೇಲೆ ಊರೂರಿನ ಬಯಲಿನಲ್ಲಿ ಆಟದ ಚೆಂಡೆ ಕೇಳುವ ಸೀಮೆ ಅದು. ಮಾತು ಕಿವಿಗೆ ಬೀಳುವ ಮುನ್ನ ತಾಳ ಬೀಳುವ ಆ ಪರಿಸರವನ್ನು ಅವರ ಮುಂದಿನ ಬೆಳವಣಿಗೆಯಿಂದ ಬೇರ್ಪಡಿಸಿ ನೋಡಲಾಗದು. ಮೂರನೆಯ ತರಗತಿಯಲ್ಲಿದ್ದಾಗ ಕುವೆಂಪು ಅವರ ‘ನನ್ನ ಗೋಪಾಲ’ದಲ್ಲಿ ಪಾತ್ರ ವಹಿಸಿದ್ದೇ ಅವರ ರಂಗಪ್ರವೇಶ. ಬಾಲ್ಯ ಕಳೆಯುವ ಹೊತ್ತಿಗೆ ಮನೆಬಿಟ್ಟು ಓಡಿಹೋಗಿ ಗುಬ್ಬಿ ವೀರಣ್ಣನವರ ಕಂಪನಿಯನ್ನು ಸೇರಿದರು. ಮುಂದೆ ಕನ್ನಡ ಚಿತ್ರರಂಗದ ಮೇರುನಟರಾದ ರಾಜ್‌ಕುಮಾರ್ ಅವರೂ ಅದೇ ಕಂಪನಿಯಲ್ಲಿ ಬೆಳೆದವರು.

ಕಂಪನಿ ನಾಟಕದ ನಟನೆಯನ್ನು ಅದರದೇ ತರ್ಕದಲ್ಲಿ ಅರ್ಥಮಾಡಿಕೊಳ್ಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಬೆಳೆದ ಆ ರಂಗಭೂಮಿಯಲ್ಲಿ ನಟನ ಮೊದಲ ಉಪಕರಣ ಅವನ ಕಂಠ. ಕೊನೆಯ ಸಾಲಿನ ಪ್ರೇಕ್ಷಕನಿಗೆ ಮಾತು ತಲುಪಬೇಕು, ಕಂದ ವೃತ್ತಗಳು ತಲುಪಬೇಕು, ಹಾರ್ಮೋನಿಯಂ ಶ್ರುತಿಗೆ ಹೊಂದಿಯೇ ತಲುಪಬೇಕು. ದುಃಖದ ಸನ್ನಿವೇಶ ಬಂದಾಗ ನಟ ತನ್ನ ಒಳಗೆ ದುಃಖವನ್ನು ಹುಡುಕುತ್ತ ನಿಲ್ಲುತ್ತಿರಲಿಲ್ಲ, ರಾಗವನ್ನು ಹಿಡಿಯುತ್ತಿದ್ದ. ರಾಗ ದುಃಖವನ್ನು ತರುತ್ತಿತ್ತು. ಮೈಸೂರಿಗೆ ಈ ಪರಂಪರೆ ಹೊಸದೇನೂ ಆಗಿರಲಿಲ್ಲ. ಅರಮನೆಯ ಆಶ್ರಯದಲ್ಲಿ ಬೆಳೆದ ನಾಟಕಮಂಡಲಿಯೂ, ಅದಕ್ಕಾಗಿ ಬಸವಪ್ಪಶಾಸ್ತ್ರಿಗಳು ಮಾಡಿದ ಶಾಕುಂತಲದ ಕನ್ನಡ ಅನುವಾದವೂ, ರತ್ನಾವಳಿ ಕಂಪನಿಯ ಎ.ವಿ. ವರದಾಚಾರ್ಯರ ಖ್ಯಾತಿಯೂ ಗಾಯನವನ್ನೇ ಅಭಿನಯದ ಬೆನ್ನೆಲುಬಾಗಿ ಮಾಡಿಕೊಂಡಿದ್ದವು. ನಾಟ್ಯಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ವಾಚಿಕವೇ ಸಾತ್ವಿಕದ ಬಾಗಿಲು. ಈ ನಟನೆಯನ್ನು ಅತಿರೇಕವೆಂದು ತಳ್ಳಿಹಾಕುವುದು ಹವ್ಯಾಸಿ ರಂಗಭೂಮಿಯ ವಿದ್ಯಾವಂತರಲ್ಲಿ ಒಂದು ಕಾಲಕ್ಕೆ ರೂಢಿಯೇ ಆಗಿತ್ತು. ಕಾರಂತರು ಆ ಮಾತಿಗೆ ಒಪ್ಪುವ ಸ್ಥಿತಿಯಲ್ಲೇ ಇರಲಿಲ್ಲ, ಏಕೆಂದರೆ ಅವರು ಅದನ್ನು ಒಳಗಿನಿಂದ ಕಂಡಿದ್ದರು.

ಓದಿನ ಹಂಬಲವಿದ್ದ ಈ ಹುಡುಗನನ್ನು ಗುಬ್ಬಿ ವೀರಣ್ಣನವರೇ ಕಾಶಿಗೆ ಕಳುಹಿಸಿದರು. ಬನಾರಸ್‌ನಲ್ಲಿ ಕಾರಂತರು ಹಿಂದಿ ಎಂ.ಎ. ಮಾಡಿದರು, ಪಂಡಿತ ಓಂಕಾರನಾಥ ಠಾಕೂರರಲ್ಲಿ ಹಿಂದುಸ್ತಾನಿ ಸಂಗೀತ ಕಲಿತರು. ಕಂಪನಿಯ ಯಜಮಾನನೊಬ್ಬ ತನ್ನ ನಟನನ್ನು ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದ ಈ ಪ್ರಸಂಗ ಕನ್ನಡ ರಂಗಚರಿತ್ರೆಯಲ್ಲಿ ವಿರಳವಾದದ್ದು. ಓಂಕಾರನಾಥರ ಗಾಯನ ಶಬ್ದದ ಭಾವವನ್ನು ನಾಟಕೀಯವಾಗಿ ಹೊರತರುವುದಕ್ಕೆ ಹೆಸರಾಗಿತ್ತೆಂಬುದನ್ನೂ ಇಲ್ಲಿ ನೆನೆಯಬೇಕು. ಹೀಗೆ ದೆಹಲಿಯನ್ನು ತಲುಪುವ ಮೊದಲೇ ಕಾರಂತರ ಕಿವಿ ಮೂರು ಬಗೆಯ ಪಾಠಗಳನ್ನು ಕಲಿತಿತ್ತು: ಚೆಂಡೆಯದು, ಹಾರ್ಮೋನಿಯಮ್ಮಿನದು, ತಂಬೂರಿಯದು. ಪತ್ನಿ ಪ್ರೇಮಾ ಅವರು ಶಾಲೆಯೊಂದರಲ್ಲಿ ಶಿಕ್ಷಕಿಯಾಗಿ ದುಡಿದು ಸಂಸಾರವನ್ನು ನಡೆಸಿದ್ದರಿಂದ ಅವರಿಗೆ ರಾಷ್ಟ್ರೀಯ ನಾಟಕಶಾಲೆಯಲ್ಲಿ ಓದುವುದು ಸಾಧ್ಯವಾಯಿತು. 1962ರಲ್ಲಿ ಅವರು ಅಲ್ಲಿಂದ ಹೊರಬಂದರು.

ಈ ಶಾಲೆಯ ವಂಶಾವಳಿಯನ್ನು ಕೊಂಚ ಹಿಂದಕ್ಕೆ ಅರಸಿಕೊಂಡು ಹೋದರೆ ನಾವು ಮಾಸ್ಕೋ ಮುಟ್ಟುತ್ತೇವೆ. 1898ರಲ್ಲಿ ಕಾನ್‌ಸ್ಟಾಂಟಿನ್ ಸ್ಟಾನಿಸ್ಲಾವ್‌ಸ್ಕಿ ಮತ್ತು ನೆಮಿರೋವಿಚ್ ಡಾನ್‌ಚೆಂಕೊ ಸೇರಿ ಮಾಸ್ಕೋ ಆರ್ಟ್ ಥಿಯೇಟರನ್ನು ಆರಂಭಿಸಿದರು. ಅವರು ವಿರೋಧಿಸಿದ್ದು ತಾರಾನಟನೊಬ್ಬನ ಸುತ್ತ ಉಳಿದವರು ಅಲಂಕಾರವಾಗಿ ನಿಲ್ಲುವ ಪದ್ಧತಿಯನ್ನು, ಅರೆಬರೆ ತಾಲೀಮನ್ನು, ಸಿದ್ಧ ಹಾವಭಾವಗಳನ್ನು. ಅದೇ ವರ್ಷದ ಬೇಸಿಗೆಯಲ್ಲಿ ತಂಡವಿಡೀ ಮಾಸ್ಕೋದ ಹೊರಗಿನ ಪುಷ್ಕಿನೊ ಎಂಬಲ್ಲಿ ಸೇರಿ ತಾಲೀಮು ನಡೆಸಿತು. ಡಿಸೆಂಬರಿನಲ್ಲಿ ಚೆಕಾವ್‌ನ ‘ಸೀಗಲ್’ ಆ ರಂಗಮಂದಿರದ ಹೆಸರನ್ನು ನಿಲ್ಲಿಸಿತು. ಮುಂದೆ ಸ್ಟಾನಿಸ್ಲಾವ್‌ಸ್ಕಿ ನಟನ ಅಂತರಂಗದ ಸಿದ್ಧತೆಗೆ ಒಂದು ಕ್ರಮವನ್ನು ಕಂಡುಹಿಡಿಯುವುದರಲ್ಲಿ ಮಗ್ನನಾದ. ನಟ ತನ್ನ ಬದುಕಿನಲ್ಲಿ ಅನುಭವಿಸಿದ ಭಾವವೊಂದನ್ನು ನೆನಪಿನಿಂದ ಎಬ್ಬಿಸಿ ಪಾತ್ರಕ್ಕೆ ಧಾರೆಯೆರೆಯುವ ಭಾವಸ್ಮರಣೆಯ ಅಭ್ಯಾಸ ಅದರಲ್ಲಿ ಅತ್ಯಂತ ಪ್ರಸಿದ್ಧವಾದುದು. ಈ ಪ್ರಯೋಗಗಳಿಗೆಂದೇ 1912ರಲ್ಲಿ ಮೊದಲ ಸ್ಟುಡಿಯೊ ತೆರೆಯಿತು. ಅಲ್ಲಿ ಏಕಾಗ್ರತೆಯ ಅಭ್ಯಾಸಗಳಿಗೆ ಯೋಗದ ಪುಸ್ತಕಗಳನ್ನೂ ಬಳಸಿಕೊಂಡರು. ‘ಪ್ರಾಣ’ ಎಂಬ ನಮ್ಮ ಶಬ್ದ ಅವರ ತಾಲೀಮಿನ ಮಾತಿನಲ್ಲಿ ಸೇರಿತ್ತು. ಆ ಪುಸ್ತಕಗಳಾದರೋ ರಾಮಚರಕನೆಂಬ ಹೆಸರು ಧರಿಸಿದ ಅಮೆರಿಕನ್ನನೊಬ್ಬ ಬರೆದವು! ಪ್ರಭಾವಗಳು ಪ್ರಯಾಣ ಮಾಡುವ ದಾರಿ ಎಷ್ಟು ಸುತ್ತುಬಳಸಿನದು ಎಂಬುದಕ್ಕೆ ಇದೊಂದು ನಿದರ್ಶನ.

ಆ ಸ್ಟುಡಿಯೊದ ರಿಚರ್ಡ್ ಬೊಲೆಸ್ಲಾವ್‌ಸ್ಕಿ ಕ್ರಾಂತಿಯ ನಂತರ ಅಮೆರಿಕಕ್ಕೆ ಹೋಗಿ, ಮಾಸ್ಕೋ ಆರ್ಟ್ ಥಿಯೇಟರ್ ಅಲ್ಲಿ ಪ್ರವಾಸದಲ್ಲಿದ್ದ 1923ರಲ್ಲಿಯೇ ನ್ಯೂಯಾರ್ಕಿನಲ್ಲಿ ಅಮೆರಿಕನ್ ಲ್ಯಾಬೊರೇಟರಿ ಥಿಯೇಟರನ್ನು ತೆರೆದ. ಲೀ ಸ್ಟ್ರಾಸ್‌ಬರ್ಗ್, ಸ್ಟೆಲಾ ಆಡ್ಲರ್ ಮೊದಲಾದವರು ಅಲ್ಲಿ ಕಲಿತರು. ಹಾಲಿವುಡ್ಡಿನ ನಟನೆಯನ್ನು ಬದಲಿಸಿದ ‘ಮೆಥಡ್’ ಅಲ್ಲಿಂದ ಬೆಳೆಯಿತು. ಇದು ಎಲ್ಲರೂ ಬಲ್ಲ ಕಥೆ. ಅದೇ ಲ್ಯಾಬೊರೇಟರಿಯಲ್ಲಿ ಬಂಗಾಳದ ಸತು ಸೇನ್ ಎಂಬ ಯುವಕನೂ ಕೆಲಸ ಮಾಡಿದ್ದನೆಂಬುದು ನಮ್ಮಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಸತು ಸೇನ್ ಕಲ್ಕತ್ತೆಗೆ ಮರಳಿ ಬೆಳಕು ಮತ್ತು ರಂಗಸಜ್ಜಿಕೆಯ ತಜ್ಞರಾಗಿ ಹೆಸರಾದರು. 1959ರಲ್ಲಿ ದೆಹಲಿಯಲ್ಲಿ ನಾಟಕಶಾಲೆ ಆರಂಭವಾದಾಗ ಅದರ ಮೊದಲ ನಿರ್ದೇಶಕರಾದರು. 1962ರಲ್ಲಿ ಅವರ ಸ್ಥಾನಕ್ಕೆ ಬಂದ ಇಬ್ರಾಹಿಂ ಅಲ್ಕಾಜಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಕಲಿತವರು. ಅಂದರೆ ಕಾರಂತರು ಓದಿದ ಶಾಲೆಗೆ ಮಾಸ್ಕೋದಿಂದ ನ್ಯೂಯಾರ್ಕಿನ ಮೂಲಕ ಒಂದು ದಾರಿಯೂ ಲಂಡನ್ನಿನಿಂದ ಮತ್ತೊಂದು ದಾರಿಯೂ ತೆರೆದಿದ್ದವು. ಈ ವಂಶಾವಳಿಯನ್ನು ಗುರುಶಿಷ್ಯ ಪರಂಪರೆಯೆಂದು ಉಬ್ಬಿಸಬಾರದು. ಸತು ಸೇನ್ ಮೂಲತಃ ರಂಗತಂತ್ರದವರು, ನಟನಾಗುರುಗಳಲ್ಲ. ಆದರೆ ನಟನೆಯೆಂಬುದು ಕಲಿಸಬಹುದಾದ, ಪ್ರತಿದಿನ ಅಭ್ಯಾಸ ಮಾಡಬೇಕಾದ, ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬೇಕಾದ ವಿದ್ಯೆ ಎಂಬ ಕಲ್ಪನೆ ಈ ಶಾಲೆಯ ಬುನಾದಿಯಲ್ಲಿತ್ತು. ಈ ಕಲ್ಪನೆಗೆ ಮಾಸ್ಕೋದ ಋಣವಿದೆ. ನನ್ನ ಅಭಿಪ್ರಾಯದಲ್ಲಿ ಕಾರಂತರು ರಷ್ಯನ್ ಪರಂಪರೆಯಿಂದ ಪಡೆದದ್ದು ಇದನ್ನೇ ಹೊರತು ಭಾವಸ್ಮರಣೆಯನ್ನಲ್ಲ.

ಹಾಗೆ ಹೇಳಲು ಅವರ ಪ್ರಯೋಗಗಳೇ ಆಧಾರ. 1969ರಿಂದ 1972ರವರೆಗೆ ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ನಾಟಕದ ಶಿಕ್ಷಕರಾಗಿ ಮಕ್ಕಳೊಡನೆ ಕೆಲಸ ಮಾಡಿದ ಕಾರಂತರು 1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂಬದಿಯ ಬಯಲಿನಲ್ಲಿ ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ಗಳನ್ನು ಆಡಿಸಿದರು. ಹವ್ಯಾಸಿ ರಂಗಭೂಮಿಯಲ್ಲಿ ಕೈಲಾಸಂ ಕಾಲದಿಂದ ಬಂದಿದ್ದ ನಡುಮನೆಯ ವಾಸ್ತವವಾದಕ್ಕೆ ಗೋಡೆಗಳೇ ಇಲ್ಲದಂತಾಯಿತು. ಗೋಡೆಯಿಲ್ಲದ ಕಡೆ ನಟ ತನ್ನೊಳಗೆ ತಾನೇ ಮುಳುಗಿ ಪಿಸುಗುಟ್ಟುವಂತಿಲ್ಲ. ಅವನ ಉಸಿರು ಮೇಳದ ಉಸಿರಿನೊಡನೆ ಕೂಡಬೇಕು. ಗಿರೀಶ ಕಾರ್ನಾಡರ ‘ಹಯವದನ’ವನ್ನು ಕಾರಂತರು ಹಿಂದಿಗೆ ಅನುವಾದಿಸಿ ದೆಹಲಿಯಲ್ಲಿ ಆಡಿಸಿದರು, ಅದರ ಕನ್ನಡ ಪ್ರಯೋಗ ಅವರ ‘ಬೆನಕ’ ತಂಡದ ಹೆಗ್ಗುರುತಾಯಿತು. ಜಿ.ಬಿ. ಜೋಶಿಯವರ ‘ಸತ್ತವರ ನೆರಳು’ ನಾಟಕದಲ್ಲಿ ಪುರಂದರದಾಸರ ಕೀರ್ತನೆಗಳು ಕಥೆಯ ನಡುವೆ ಬರುವ ವಿರಾಮಗಳಾಗಲಿಲ್ಲ. ಮಠದ ರಾಜಕೀಯವನ್ನು ಭಕ್ತಿಯ ಬಾಯಿಂದಲೇ ಬಯಲಿಗೆಳೆಯುವ ಸಾಧನಗಳಾದವು. ಹಾಡುವ ಮೇಳಕ್ಕೂ ಅಭಿನಯಿಸುವ ನಟರಿಗೂ ನಡುವಿನ ಗೆರೆ ಅಲ್ಲಿ ಅಳಿಸಿಹೋಗಿತ್ತು.

ಇಲ್ಲಿ ಕಾರಂತರ ವಿಧಾನವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅವರು ಸಂಗೀತವನ್ನು ಮೊದಲೇ ಬರೆದಿಟ್ಟು ತಾಲೀಮಿಗೆ ತರುವ ಸಂಯೋಜಕರಾಗಿರಲಿಲ್ಲ. ಹಾರ್ಮೋನಿಯಂ ಮುಂದೆ ಕುಳಿತು, ನಟರ ಮಾತಿನ ಏರಿಳಿತವನ್ನು ಆಲಿಸುತ್ತ, ಮಾತು ಎಲ್ಲಿ ಹಾಡಾಗಲು ತವಕಿಸುತ್ತದೆಯೋ ಅಲ್ಲಿ ಅದನ್ನು ಹಿಡಿಯುತ್ತಿದ್ದರು. ಕಲ್ಲು, ಕೋಲು, ತಗಡು, ನಟರ ಬಾಯಿಂದ ಬರುವ ಅರ್ಥವಿಲ್ಲದ ಸದ್ದುಗಳು ಇವೆಲ್ಲವೂ ವಾದ್ಯಗಳೇ. ಸ್ಟಾನಿಸ್ಲಾವ್‌ಸ್ಕಿಯ ನಟ ತನ್ನ ನೆನಪಿನಲ್ಲಿ ಒಂದು ಭಾವವನ್ನು ಹುಡುಕಿದರೆ ಕಾರಂತರ ನಟ ತನ್ನ ಕಿವಿಯ ನೆನಪಿನಲ್ಲಿ ಒಂದು ಸದ್ದನ್ನು ಹುಡುಕುತ್ತಾನೆ: ಜೋಗುಳದ ಎಳೆತ, ಸೋಬಾನೆಯ ಲಯ, ಸಂತೆಯ ಕೂಗು. ಇದನ್ನು ನಾದಸ್ಮರಣೆ ಎಂದು ಕರೆಯಬಹುದೆಂದು ನನಗೆ ತೋರುತ್ತದೆ. ಇವೆರಡರ ವ್ಯತ್ಯಾಸ ಸಣ್ಣದಲ್ಲ. ಭಾವದ ನೆನಪು ವ್ಯಕ್ತಿಯದು, ಖಾಸಗಿಯಾದದ್ದು. ಸದ್ದಿನ ನೆನಪು ಸಮುದಾಯದ್ದು. ಒಬ್ಬ ನಟ ಎತ್ತಿದ ಜೋಗುಳವನ್ನು ಪ್ರೇಕ್ಷಕನೂ ತನ್ನ ತಾಯಿಯಿಂದ ಕೇಳಿರುತ್ತಾನೆ. 1975ರಲ್ಲಿ ಬಂದ ‘ಚೋಮನ ದುಡಿ’ ಚಲನಚಿತ್ರದಲ್ಲಿ ಇದರ ಶ್ರೇಷ್ಠ ಉದಾಹರಣೆ ಸಿಗುತ್ತದೆ. ಉಳಲು ತುಂಡು ಭೂಮಿ ಸಿಗದ ಹೊಲೆಯ ಚೋಮನ ಸಂಕಟ ಮಾತಿನಲ್ಲಿ ಬರುವುದು ಕಡಿಮೆ. ವೃತ್ತಿರಂಗಭೂಮಿಯ ಹಿನ್ನೆಲೆಯಿಂದ ಬಂದ ವಾಸುದೇವರಾಯರು ಮುಖದಲ್ಲಿ ತೋರದೆ ಹಿಡಿದಿಟ್ಟ ಕೋಪವೆಲ್ಲ ದುಡಿಯ ಬಡಿತದಲ್ಲಿ ಹರಿದುಬರುತ್ತದೆ. ಚಿತ್ರಕ್ಕೆ ಸ್ವರ್ಣಕಮಲವೂ ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿಯೂ ಬಂದವು. ಮೆಥಡ್ ನಟನೆಯ ಮಾನದಂಡದಿಂದ ನೋಡಿದರೂ ಅದು ಅಪ್ಪಟ ಅಂತರಂಗದ ಅಭಿನಯ. ಆದರೆ ಅದರ ಕೀಲಿಕೈ ಹೊರಗೆ, ಚರ್ಮವಾದ್ಯದಲ್ಲಿದೆ.

1977ರಲ್ಲಿ ಕಾರಂತರು ತಾವು ಓದಿದ ಶಾಲೆಗೇ ನಿರ್ದೇಶಕರಾದರು. 1979ರಲ್ಲಿ ಮ್ಯಾಕ್‌ಬೆತ್ ನಾಟಕವನ್ನು ರಘುವೀರ ಸಹಾಯರ ಹಿಂದಿ ಅನುವಾದದಲ್ಲಿ ಯಕ್ಷಗಾನದ ಹೆಜ್ಜೆಗಳೊಡನೆ ‘ಬರ್ನಮ್ ವನ’ ಎಂದು ಆಡಿಸಿದರು. ಎಂಬತ್ತರ ದಶಕದ ಆರಂಭದಲ್ಲಿ ಭೋಪಾಲದ ಭಾರತ ಭವನದ ರಂಗಮಂಡಲವನ್ನು ಕಟ್ಟುವ ಹೊಣೆ ಹೊತ್ತು, ಬುಂದೇಲಿ, ಮಾಳವಿ ಮುಂತಾದ ಆಡುನುಡಿಗಳಲ್ಲಿ ನಾಟಕಗಳನ್ನು ಮಾಡಿಸಿದರು. ನಟನ ಮಾತೃಭಾಷೆಯ ಲಯ ಸಿಕ್ಕರೆ ಅವನ ದೇಹ ತಾನಾಗಿ ಸಡಿಲಗೊಳ್ಳುತ್ತದೆಂಬ ತಿಳಿವಳಿಕೆ ಇದರ ಹಿಂದಿದೆ. 1986ರಲ್ಲಿ ಭೋಪಾಲದ ಆ ಅಧ್ಯಾಯ ಬಹಳ ನೋವಿನಲ್ಲಿ ಮುಗಿಯಿತು.

ಮೈಸೂರಿನ ರಂಗಾಯಣ 1989ರಲ್ಲಿ ಕಲಾಮಂದಿರದ ಆವರಣದಲ್ಲಿ ಹುಟ್ಟಿತು. ಕರ್ನಾಟಕ ಸರ್ಕಾರದ ಆಶ್ರಯದಲ್ಲಿ, ಸಂಬಳ ಪಡೆಯುವ ಪೂರ್ಣಾವಧಿ ಕಲಾವಿದರ ಒಂದು ತಂಡ ರೆಪರ್ಟರಿಯಾಗಿ ನಾಟಕಗಳನ್ನು ಆಡುತ್ತ ಹೋಗಬೇಕೆಂಬುದು ಅದರ ಕಲ್ಪನೆ. ಕನ್ನಡಕ್ಕೆ ಇದು ಹೊಸತು. ಕಂಪನಿಗಳಲ್ಲಿ ಪೂರ್ಣಾವಧಿಯ ನಟರಿದ್ದರು, ಆದರೆ ಗಲ್ಲಾಪೆಟ್ಟಿಗೆ ಅವರ ಯಜಮಾನ. ಹವ್ಯಾಸಿಗಳಲ್ಲಿ ಪ್ರಯೋಗಶೀಲತೆ ಇತ್ತು, ಆದರೆ ಬ್ಯಾಂಕು, ಕಛೇರಿ, ಕಾಲೇಜುಗಳ ಕೆಲಸ ಮುಗಿಸಿ ಸಂಜೆ ಆರರ ಮೇಲೆ ಬರುವ ದಣಿದ ದೇಹಗಳೂ ಇದ್ದವು. ದಿನವಿಡೀ ತಾಲೀಮು ನಡೆಸುವ, ತಾರೆಯರಿಲ್ಲದ, ಇಂದು ರಾಜನಾದವನು ನಾಳೆ ದೀವಟಿಗೆ ಹಿಡಿಯುವ ತಂಡವೆಂಬ ಕಲ್ಪನೆಗೆ ಮಾಸ್ಕೋ ಆರ್ಟ್ ಥಿಯೇಟರಿನ ಮಾದರಿಯೇ ಪ್ರಪಂಚದಲ್ಲಿ ಅತ್ಯಂತ ಪ್ರಭಾವಶಾಲಿಯಾದದ್ದು. ರಷ್ಯನ್ ರಂಗಭೂಮಿ ಕನ್ನಡಕ್ಕೆ ಕೊಟ್ಟದ್ದೇನು ಎಂದರೆ ನಾವು ಕೂಡಲೇ ಚೆಕಾವ್, ಗೊಗೊಲ್, ಗಾರ್ಕಿಯರ ಅನುವಾದಗಳನ್ನು ಎಣಿಸತೊಡಗುತ್ತೇವೆ. ನಾಟಕಕೃತಿಗಳ ಪಟ್ಟಿಗೆ ಸಿಗದ ಕೊಡುಗೆಯೆಂದರೆ ಈ ತಂಡದ ಕಲ್ಪನೆ. ಅದು ಪುಸ್ತಕದ ಮೂಲಕ ಬರಲಿಲ್ಲ; ದೆಹಲಿಯ ಶಾಲೆ, ಅದರ ರೆಪರ್ಟರಿ, ಭೋಪಾಲದ ರಂಗಮಂಡಲ ಇವುಗಳನ್ನು ನಡೆಸಿದ ಒಬ್ಬ ಮನುಷ್ಯನ ಅನುಭವದ ಮೂಲಕ ಮೈಸೂರಿಗೆ ಬಂದಿತು.

ನಾಡಿನ ಬೇರೆ ಬೇರೆ ಭಾಗಗಳಿಂದ ಬಂದ ಯುವಕ ಯುವತಿಯರನ್ನು ಕಾರಂತರು ಆಯ್ದುಕೊಂಡರು. ಒಬ್ಬೊಬ್ಬರ ಕನ್ನಡವೂ ಒಂದೊಂದು ಬಗೆಯದು. ನಾಟಕಶಾಲೆಗಳು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ ಈ ವ್ಯತ್ಯಾಸಗಳನ್ನು ಉಜ್ಜಿ ಒಂದು ಶಿಷ್ಟ ಉಚ್ಚಾರಣೆಯನ್ನು ಕಲಿಸುವುದು. ಕಾರಂತರಿಗೆ ಆ ವ್ಯತ್ಯಾಸಗಳೇ ಬಂಡವಾಳ. ಹಾಡು, ತಾಳ, ಯಕ್ಷಗಾನದ ಹೆಜ್ಜೆ, ದೇಹದ ಕಸರತ್ತು ಎಲ್ಲವೂ ದಿನಚರಿಯ ಭಾಗವಾದವು. ಇಂತಹ ಕಲಿಕೆಗೆ ಮಾಸ್ಕೋದ ಪದ್ಧತಿಯೊಡನೆ ವಿರೋಧವಿದೆಯೆಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಆದರೆ ಸ್ಟಾನಿಸ್ಲಾವ್‌ಸ್ಕಿ ತನ್ನ ಕೊನೆಯ ವರ್ಷಗಳಲ್ಲಿ ಎಲ್ಲಿಗೆ ಬಂದು ನಿಂತಿದ್ದನೆಂಬುದನ್ನು ಗಮನಿಸಿದರೆ ಚಿತ್ರ ಬದಲಾಗುತ್ತದೆ. 1918ರಿಂದಲೇ ಆತ ಒಪೆರಾ ಗಾಯಕರೊಡನೆ ಕೆಲಸ ಮಾಡುತ್ತಿದ್ದ. ಸಂಗೀತ ನಟನಿಗೆ ಹೊರಗಿನಿಂದ ಒದಗುವ ಅತ್ಯಂತ ನಿಖರವಾದ ಲಯವೆಂಬುದು ಅವನಿಗೆ ಅಲ್ಲಿ ಮನವರಿಕೆಯಾಗಿತ್ತು. ಮೂವತ್ತರ ದಶಕದಲ್ಲಿ ಭಾವಸ್ಮರಣೆಯ ಪ್ರಾಧಾನ್ಯವನ್ನು ಕುಗ್ಗಿಸಿ ದೈಹಿಕ ಕ್ರಿಯೆಯಿಂದ ಭಾವಕ್ಕೆ ಹೋಗುವ ಕ್ರಮವನ್ನು ಅವನು ಅನುಸರಿಸತೊಡಗಿದ. 1934ರಲ್ಲಿ ಪ್ಯಾರಿಸ್ಸಿನಲ್ಲಿ ಅವನನ್ನು ಕಂಡು ಬಂದ ಸ್ಟೆಲಾ ಆಡ್ಲರ್ ಈ ಸುದ್ದಿಯನ್ನು ನ್ಯೂಯಾರ್ಕಿಗೆ ಒಯ್ದಾಗ ಅಲ್ಲಿ ಸ್ಟ್ರಾಸ್‌ಬರ್ಗರೊಡನೆ ಜಗಳವೇ ಆಯಿತು. 1936ರಲ್ಲಿ ಇಂಗ್ಲಿಷಿನಲ್ಲಿ ಬಂದ ಅವನ ಮೊದಲ ಪಠ್ಯ ಅಂತರಂಗದ ಸಿದ್ಧತೆಯ ಭಾಗವನ್ನಷ್ಟೇ ಒಳಗೊಂಡಿತ್ತು. ಧ್ವನಿ, ಲಯ, ದೇಹಗಳ ಭಾಗ ಹತ್ತು ವರ್ಷಕ್ಕೂ ಹೆಚ್ಚು ಕಾಲ ತಡವಾಗಿ ಬಂದಿತು. ಇಂಗ್ಲಿಷಿನ ಮೂಲಕ ಓದಿದ ಭಾರತೀಯ ರಂಗಕರ್ಮಿಗಳಿಗೆ ಸಿಕ್ಕದ್ದು ಅರ್ಧ ಸ್ಟಾನಿಸ್ಲಾವ್‌ಸ್ಕಿ. ಉಳಿದರ್ಧಕ್ಕೆ ಕಾರಂತರು ಪುಸ್ತಕದ ಹಂಗಿಲ್ಲದೆ, ಗುಬ್ಬಿ ಕಂಪನಿಯ ಹಾರ್ಮೋನಿಯಂ ಪೆಟ್ಟಿಗೆಯ ಕಡೆಯಿಂದ ಬಂದು ಮುಟ್ಟಿದರು.

ಹೀಗೆಂದ ಮಾತ್ರಕ್ಕೆ ಅವರ ಪದ್ಧತಿಯ ಮಿತಿಗಳನ್ನು ಮರೆಮಾಚಬೇಕಾಗಿಲ್ಲ. ಸ್ಟಾನಿಸ್ಲಾವ್‌ಸ್ಕಿ ತನ್ನ ಅಭ್ಯಾಸಕ್ರಮವನ್ನು ಬರೆದಿಟ್ಟ. ಅವನನ್ನು ನೋಡದವರೂ ಅದರೊಡನೆ ಜಗಳವಾಡಬಹುದು, ಅದನ್ನು ತಿದ್ದಬಹುದು. ಕಾರಂತರ ಕ್ರಮ ಅವರ ಕಿವಿಯಲ್ಲಿತ್ತು. ಅವರೆದುರಿಗಿದ್ದಾಗ ಅರಳುತ್ತಿದ್ದ ಮೇಳ ಅವರಿಲ್ಲದಾಗ ಹಾಡುಗಳನ್ನು ಉಳಿಸಿಕೊಂಡಿತೇ ಹೊರತು ಹಾಡು ಹುಟ್ಟುವ ಬಗೆಯನ್ನು ಅಷ್ಟೇ ಸುಲಭವಾಗಿ ಉಳಿಸಿಕೊಳ್ಳಲಿಲ್ಲ. ರಂಗಗೀತೆ ನಾಟಕದಿಂದ ಬೇರ್ಪಟ್ಟು ವೇದಿಕೆಯ ಮೇಲಿನ ಗಾಯನ ಕಾರ್ಯಕ್ರಮವಾದದ್ದು ಇದಕ್ಕೆ ಸಾಕ್ಷಿ. ಇಬ್ಬರು ಎದುರುಬದುರಾಗಿ ಕುಳಿತು ಕಡಿಮೆ ದನಿಯಲ್ಲಿ ಆಡುವ ದೃಶ್ಯಗಳಲ್ಲಿ, ಚೆಕಾವ್‌ನ ನಾಟಕಗಳು ಕೇಳುವ ಆ ಮೌನದಲ್ಲಿ, ಮೇಳದಲ್ಲಿ ಪಳಗಿದ ನಟ ಅನಾಥನಾಗುವ ಅಪಾಯವೂ ಇದೆ.

ಇನ್ನೊಂದು ವ್ಯತ್ಯಾಸ ಸ್ವಭಾವಕ್ಕೆ ಸೇರಿದ್ದು. ಸ್ಟಾನಿಸ್ಲಾವ್‌ಸ್ಕಿ 1898ರಿಂದ 1938ರಲ್ಲಿ ಸಾಯುವವರೆಗೆ, ನಲವತ್ತು ವರ್ಷ ಒಂದೇ ರಂಗಮಂದಿರಕ್ಕೆ ಅಂಟಿಕೊಂಡಿದ್ದ. ಮನೆಬಿಟ್ಟು ಓಡಿದ ಹುಡುಗ ಕಾರಂತರೊಳಗೆ ಕೊನೆಯವರೆಗೂ ಇದ್ದ. ಬೆಂಗಳೂರು, ದೆಹಲಿ, ಭೋಪಾಲ, ಮೈಸೂರು ಹೀಗೆ ತಂಡಗಳನ್ನು ಕಟ್ಟುವುದು, ಕಟ್ಟಿದ್ದನ್ನು ಬಿಟ್ಟು ಹೊರಡುವುದು ಅವರ ಬದುಕಿನ ಲಯವೇ ಆಗಿತ್ತು. ವೈದೇಹಿಯವರು ಬರೆದುಕೊಂಡ ಅವರ ಆತ್ಮಕಥನಕ್ಕೆ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ ಎಂಬ ಹೆಸರು ಬಂದದ್ದು ಅಕಸ್ಮಾತ್ತಲ್ಲ. ಸರ್ಕಾರದ ಕಡತ, ನೇಮಕಾತಿಯ ನಿಯಮ, ಸಂಬಳದ ಶ್ರೇಣಿಗಳ ನಡುವೆ ಒಂದು ಪ್ರಯೋಗಶಾಲೆಯನ್ನು ಜೀವಂತವಾಗಿಡುವುದಕ್ಕೆ ಬೇಕಾದ ತಾಳ್ಮೆ ಬೇರೆಯ ಬಗೆಯದು. 1995ರಲ್ಲಿ ಅವರು ರಂಗಾಯಣದ ನಿರ್ದೇಶಕತ್ವವನ್ನು ಬಿಟ್ಟರು. ಆರು ವರ್ಷ ದೀರ್ಘ ಕಾಲವೇನಲ್ಲ. ಆದರೂ ತರಬೇತಾದ ಒಂದು ತಲೆಮಾರು ಆ ಹೊತ್ತಿಗೆ ಸಿದ್ಧವಾಗಿತ್ತು. 2002ರ ಸೆಪ್ಟೆಂಬರ್ 1ರಂದು ಕಾರಂತರು ಬೆಂಗಳೂರಿನಲ್ಲಿ ತೀರಿಕೊಂಡರು.

ಅವರ ನಂತರ ಶಿವಮೊಗ್ಗ, ಧಾರವಾಡ, ಕಲಬುರಗಿಗಳಲ್ಲಿಯೂ ರಂಗಾಯಣಗಳು ತೆರೆದವು. ಮೈಸೂರಿನ ಆವರಣದಲ್ಲಿ 2010ರಲ್ಲಿ ಸಿ. ಬಸವಲಿಂಗಯ್ಯನವರು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಸುಮಾರು ಒಂಬತ್ತು ಗಂಟೆಗಳ ನಾಟಕವಾಗಿ ಆಡಿಸಿದರು. ಅಹೋರಾತ್ರಿ ನಡೆದ ಆ ಪ್ರಯೋಗದಲ್ಲಿ ಪ್ರೇಕ್ಷಕರು ಒಂದು ರಂಗಸ್ಥಳದಿಂದ ಇನ್ನೊಂದಕ್ಕೆ, ಮರಗಳ ನಡುವೆ, ಹಾಡು ಕೇಳಿಬರುವ ದಿಕ್ಕಿಗೆ ನಡೆದು ಹೋಗಬೇಕಾಗಿತ್ತು.